ಮೊದಲ ಶನಿವಾರ ಬರುತ್ತಿದ್ದವರು

ಮನುಷ್ಯನನ್ನು ಮುಖದಿಂದ ಗುರುತು ಹಿಡಿಯಬೇಡಿ ಎಂದು ನನಗೆ ಹೇಳಿದವರು ಒಬ್ಬರಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೂ ತಮ್ಮ ಬರವಣಿಗೆಯಲ್ಲಿ ಯಾರ ಹೆಸರನ್ನೂ ಬರೆದವರಲ್ಲ. ಹೆಸರು ಗೊತ್ತಿಲ್ಲದವರ ಬಗ್ಗೆ ಬರೆಯುವುದೇ ಅವರ ಕೆಲಸವಾಗಿತ್ತು.

ನನಗೆ ಡೊಂಬಿವಲಿ ಪೂರ್ವದಲ್ಲಿ ಸಣ್ಣದೊಂದು ಝೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಫಾರ್ಮು ತುಂಬಿಸಿಕೊಳ್ಳಲು ಬರುವವರಿಗೆ ಒಂದು ಬೆಂಚು. ಎಸ್ಸೆಸ್ಸೆಲ್ಸಿ ಮುಗಿಸಿ ಬೈಂದೂರಿನಿಂದ ಬಂದವನು ನಾನು. ನಲವತ್ತು ವರ್ಷ ಬೇರೆಯವರ ಆಫೀಸಿನಲ್ಲಿ ಟೈಪು ಮಾಡಿ, ಕೊನೆಗೆ ಈ ಅಂಗಡಿ ಹಾಕಿದೆ. ಅವರು ಮೊದಲ ಸಲ ಬಂದದ್ದು ಒಂದು ಶನಿವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಸುಡು ಬಿಸಿಲಿನ ದಿನ. ಆದರೂ ಕೈಯಲ್ಲಿ ಛತ್ರಿ. ಒಳಗೆ ಬಂದವರು ನಮಸ್ಕಾರ ಹೇಳಲಿಲ್ಲ. ಗೋಡೆಯ ಮೇಲಿದ್ದ ಕನ್ನಡ ಕ್ಯಾಲೆಂಡರನ್ನು ನೋಡಿ, "ಕನ್ನಡದವರೇನ್ರಿ ಮಾಲಕರ? ಚಲೋ ಆತು. ಒಂದು ಸೈಟು ತೆಗೀಬೇಕಾಗಿತ್ತು" ಎಂದರು.

ಅವರು ಕೊಟ್ಟ ಚೀಟಿಯಲ್ಲಿದ್ದ ವಿಳಾಸವನ್ನು ನಾನೇ ಒತ್ತಿದೆ. ಪರದೆ ತುಂಬ ಕೆಂಪಾಯಿತು. ನಮ್ಮ ಆಂಟಿವೈರಸ್ ಹಾಗೆ ಕೆಂಪಾದದ್ದನ್ನು ನಾನು ಅದಕ್ಕೆ ಮೊದಲು ಎರಡೇ ಸಲ ನೋಡಿದ್ದೆ. ಈ ಜಾಗ ಅಪಾಯಕಾರಿ, ತಡೆದಿದ್ದೇವೆ, ಹಿಂದಕ್ಕೆ ಹೋಗಿ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರ. ಆ ಕೆಂಪು ಅವರ ಬಿಳಿ ಅಂಗಿಯ ಮೇಲೆ ಬಿತ್ತು.

"ಎಂತ ಮಾರಾಯ್ರೆ, ವೈರಸ್ ಉಂಟು ಇದರಲ್ಲಿ" ಎಂದೆ.

"ಇದ್ರಾಗ ವೈರಸ್ ಇಲ್ರಿ," ಎಂದರು ಅವರು ಸಮಾಧಾನದಿಂದ. "ಮಂದಿ ಅದಾರ."

ಆಮೇಲೆ ಅನುಮತಿಯನ್ನೂ ಕೇಳದೆ ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡು, ಆಂಟಿವೈರಸ್ಸಿನ ಒಳಗೆ ಹೋಗಿ, ಎಲ್ಲಿಂದಲೋ ಒಂದು ಪಟ್ಟಿಯನ್ನು ತೆರೆದು, ಅದರಲ್ಲಿ ತಮ್ಮ ವಿಳಾಸವನ್ನು ಒಂದೊಂದೇ ಅಕ್ಷರ ಒತ್ತಿ ಸೇರಿಸಿದರು. ಎಕ್ಸೆಪ್ಷನ್ ಪಟ್ಟಿ ಅದು. ಇದರಲ್ಲಿ ಹೆಸರಿದ್ದರೆ ಕಾವಲುಗಾರ ತಡೆಯುವುದಿಲ್ಲ. ಅವರ ಎಡಗೈ ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪಾಗಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಕೆಂಪು ಹೋಗಿ ಬಿಳಿ ಪುಟ ಬಂತು.

ಅದರಲ್ಲಿ ಚಿತ್ರಗಳಿರಲಿಲ್ಲ. ಬರೀ ಸಾಲುಗಳು. ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ, ಅದರ ಕೆಳಗೆ ಹಿಂದಿಯಲ್ಲಿ. ನಾನು ಓದಿದ ಮೊದಲನೆಯದು ಇನ್ನೂ ನೆನಪಿದೆ.

"ಬಂದವರು. ಗಂಡಸು, ಮೂವತ್ತರ ಆಸುಪಾಸು. ನೀಲಿ ಚೌಕುಳಿ ಅಂಗಿ, ಮೂರನೆಯ ಗುಂಡಿ ಬೇರೆ ಬಣ್ಣದ್ದು, ಮನೆಯಲ್ಲೇ ಹೊಲಿದದ್ದು. ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಚಿಕ್ಕಿಯ ತುಂಡು. ಶಹಾಡ್ ದಾಟಿದ ಮೇಲೆ, ಹಳಿಯ ಎಡಬದಿ."

ನಾನು ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಇದು ಏನೆಂದು ಅರ್ಥವಾಯಿತು. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ.

ರೈಲಿನಿಂದ ಬಿದ್ದವರು, ಹಳಿ ದಾಟುವಾಗ ಸಿಕ್ಕವರು, ಗಾಡಿಯಲ್ಲೇ ಕೂತಲ್ಲಿ ಹೋದವರು. ಕೇಳಿಕೊಂಡು ಯಾರೂ ಬಾರದ ಹೆಣಗಳ ಬಳಿಗೆ ಹೋಗಿ, ಪೊಲೀಸರ ಅನುಮತಿಯಿಂದ ಮೈಮೇಲಿನ ಒಂದೊಂದು ಗುರುತನ್ನೂ ಬರೆದುಕೊಂಡು ಬಂದು ಅವರು ಅಲ್ಲಿ ಹಾಕುತ್ತಿದ್ದರು. ಹೆಣ ಎಂಬ ಶಬ್ದವನ್ನು ಅವರು ಬಳಸುತ್ತಿರಲಿಲ್ಲ. "ಬಂದವರು" ಎಂದೇ ಬರೆಯುತ್ತಿದ್ದರು. ಠಾಣೆ ಊರಿನಿಂದ ಅಂಬರನಾಥದವರೆಗಿನ ರೈಲ್ವೆ ಸ್ಟೇಷನ್ನುಗಳಲ್ಲಿ ಅವರನ್ನು ಬಲ್ಲ ಕಾನ್‌ಸ್ಟೇಬಲ್‌ಗಳು, ಮನೆಯವರನ್ನು ಹುಡುಕಿಕೊಂಡು ಬಂದವರ ಕೈಗೆ ಆ ವಿಳಾಸದ ಚೀಟಿ ಕೊಡುತ್ತಿದ್ದರು. ಚೀಟಿ ಹಿಡಿದು ಬಂದವರು ನಮ್ಮಂಥ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಕೆಂಪು ಪರದೆ.

"ಈಗ ಎಲ್ಲರ ಹತ್ತಿರ ಫೋನ್ ಇದೆಯಲ್ಲ?" ಎಂದು ಕೇಳಿದೆ.

"ಮನ್ಯಾಗ ಇರೂದು ಒಂದ ದೊಡ್ಡ ಫೋನು. ಅದು ಹೋದಾಂವನ ಕಿಸೇದಾಗ ಹೋಗಿರತೈತಿ."

ಆಂಟಿವೈರಸ್ಸಿಗೆ ಅವರ ಮೇಲೆ ಯಾಕೆ ಕೋಪ ಎಂದೂ ಕೇಳಿದ್ದೆ. ಅವರು ನಕ್ಕರು. "ಕೋಪ ಅಲ್ರಿ. ಚಾಳಿನ್ಯಾಗ ಬಾಡಿಗಿ ಕಡಿಮಿ ಅಂತ ಒಂದು ಖೋಲಿ ಹಿಡದೀನಿ. ಅದೇ ಚಾಳಿನ್ಯಾಗ ಯಾವನೋ ಒಬ್ಬ ಕಳ್ಳ ಇದ್ದ. ಪೊಲೀಸರು ಇಡೀ ಚಾಳಿಗೆ ಬೀಗ ಜಡದಾರ. ಕಳ್ಳ ಓಡಿಹೋದ, ನಾನು ಖೋಲಿ ಬದಲಿ ಮಾಡಿದೆ, ಆದ್ರ ಹೆಸರು ಅವರ ವಹಿಯೊಳಗ ಉಳೀತು." ಚಾಳು ಎಂದರೆ ಎಷ್ಟೋ ಸೈಟುಗಳನ್ನು ಒಟ್ಟಿಗೆ ಇಡುವ ಅಗ್ಗದ ಸರ್ವರು. ಆಂಟಿವೈರಸ್ ಕಂಪನಿಗೆ ಎಷ್ಟೋ ಪತ್ರ ಬರೆದಿದ್ದರಂತೆ. ಒಮ್ಮೆ ತೆಗೆಯುತ್ತಾರೆ, ಮುಂದಿನ ಅಪ್‌ಡೇಟಿನಲ್ಲಿ ಮತ್ತೆ ಸೇರಿಸುತ್ತಾರೆ. ಹಾಗಾಗಿ ಅವರು ಬೇರೆ ದಾರಿ ಹಿಡಿದಿದ್ದರು. ಅಂಗಡಿಯಿಂದ ಅಂಗಡಿಗೆ ನಡೆದು, ಒಂದೊಂದು ಕಂಪ್ಯೂಟರಿನಲ್ಲೂ ತಮ್ಮ ಕೈಯಾರೆ ಆ ಪಟ್ಟಿಗೆ ವಿಳಾಸ ಸೇರಿಸುವುದು. ತಿಂಗಳಿಗೊಮ್ಮೆ ಮತ್ತೆ ಬಂದು ಅದು ಅಲ್ಲೇ ಇದೆಯೇ ಎಂದು ನೋಡುವುದು. ನಮ್ಮ ಅಂಗಡಿಯ ಪಾಲಿಗೆ ತಿಂಗಳ ಮೊದಲನೆಯ ಶನಿವಾರ ಬಂತು.

ನಿವೃತ್ತಿಗೆ ಮುಂಚೆ ಅವರು ಶಹಾಡ್ ಬಳಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದರು. ಕಾರ್ಡು ಒತ್ತಿ ಒಳಗೆ ಬಂದವರು, ಕಾರ್ಡು ಒತ್ತಿ ಹೊರಗೆ ಹೋದವರು, ಇವರನ್ನು ಸಂಜೆ ತಾಳೆ ಮಾಡುವ ಕೆಲಸ. ಯಾಕೆ ಇದನ್ನೆಲ್ಲ ಶುರು ಮಾಡಿದಿರಿ ಎಂದು ಕೇಳಿದಾಗ, ಏನೋ ದೊಡ್ಡ ದುಃಖದ ಕತೆ ಬರುತ್ತದೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟೆ: "ಮುಂಜಾನೆ ಕಾರ್ಡು ಒತ್ತಿ ಬಂದಾಂವ ಸಂಜಿಗೆ ಒತ್ತಲಿಲ್ಲ ಅಂದ್ರ ನಾನು ಮನಿಗೆ ಹೋಗ್ತಿರಲಿಲ್ಲ. ಇಡೀ ಖಾತೆ ತಿರಗಿ ನೋಡ್ತಿದ್ದೆ. ಅದ ಚಟ."

ಅವರಿಗೆ ನನ್ನವಳು ಕಳಿಸಿದ ಫ್ಲಾಸ್ಕಿನಿಂದ ಅರ್ಧ ಚಹಾ ಕೊಡುತ್ತಿದ್ದೆ. ಪೂರ್ತಿ ಕೊಟ್ಟರೆ ಅರ್ಧ ಬಿಡುತ್ತಿದ್ದರು. ಬಿಸಿಲಿನಲ್ಲೂ ಛತ್ರಿ ಯಾಕೆ ಎಂದರೆ, ಹಿಡಿಯ ಮೇಲೆ ಸುತ್ತಿದ ಕೆಂಪು ದಾರವನ್ನು ತೋರಿಸಿ, "ಗುರುತು ಬೇಕಲ್ರಿ" ಎನ್ನುತ್ತಿದ್ದರು. ತಮಾಷೆ ಎಂದುಕೊಂಡಿದ್ದೆ. ಹೆಣದ ಮುಖದ ಫೋಟೊ ಯಾಕೆ ಹಾಕುವುದಿಲ್ಲ ಎಂದರೆ, "ಮುಖ ಬ್ಯಾಡ. ಮುಖ ನೋಡಿದ್ರ ಮಂದಿ ಹೆದರಿ ಕಣ್ಣು ಮುಚ್ಚತಾರ. ಅಂಗಿ ನೋಡಿದ್ರ ಗುರುತು ಹಿಡೀತಾರ" ಎಂದಿದ್ದರು.

ಇಲ್ಲಿಯವರೆಗೆ ಬರೆದದ್ದು ಸುಲಭದ ಭಾಗ.

ಮೊದಲನೆಯ ದಿನ ಅವರು ಹೋದ ಮೇಲೆ ನಾನು ಆ ಪುಟವನ್ನು ಮುಚ್ಚಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದಾದ ಮೇಲೊಂದು ಓದಿದೆ. ಸಂಜೆ ನಾಲ್ಕು ಗಂಟೆಗೆ ಆಧಾರ್ ಕಾರ್ಡಿನ ಝೆರಾಕ್ಸಿಗೆಂದು ಒಬ್ಬ ಹುಡುಗ ಬಂದ. ನನ್ನ ತಲೆಯೊಳಗೆ ಯಾರೋ ಬರೆಯಲು ಶುರು ಮಾಡಿದರು: ಗಂಡಸು, ಇಪ್ಪತ್ತರ ಆಸುಪಾಸು, ಹಳದಿ ಟೀ ಶರ್ಟು, ಬಲ ಮೊಣಕೈ ಮೇಲೆ ಹಳೆಯ ಗಾಯ. ಅವನ ಹಿಂದೆ ಬಂದ ಹೆಂಗಸು: ಐವತ್ತರ ಆಸುಪಾಸು, ಕಾಲ್ಬೆರಳಿಗೆ ಒಂದೇ ಉಂಗುರ, ಇನ್ನೊಂದರ ಗುರುತು ಮಾತ್ರ. ಒಬ್ಬೊಬ್ಬರೂ ಬಾಗಿಲು ದಾಟಿ ಹೊರಗೆ ಹೋದಾಗ, ಸ್ಟೇಷನ್ನಿನ ಕಡೆ ತಿರುಗಿದಾಗ, ಮರೆಯಾಗುವವರೆಗೆ ನೋಡುತ್ತಿದ್ದೆ. ಸಂಜೆ ಮನೆಗೆ ಹೋದರೆ ನನ್ನವಳು ಬಾಗಿಲು ತೆರೆದಳು. ಹಸಿರು ಸೀರೆ, ಸೆರಗಿನಲ್ಲಿ ಒಂದು ಕಡೆ ಸುಟ್ಟ ತೂತು. ನಾನು ಅವಳ ಮುಖ ನೋಡಲಿಲ್ಲ. ನಲವತ್ತೆರಡು ವರ್ಷ ಜೊತೆಗಿದ್ದವಳನ್ನು ಬಾಗಿಲಲ್ಲಿ ನಿಲ್ಲಿಸಿ ಗುರುತು ಬರೆದುಕೊಳ್ಳುತ್ತಿದ್ದೆ.

"ಎಂತ ಹಾಗೆ ನೋಡ್ತೀರಿ? ನನ್ನನ್ನು ಮೊದಲು ಕಂಡಿಲ್ವಾ?" ಎಂದಳು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು, ಊದುಬತ್ತಿ ಹಚ್ಚುವ ಮೊದಲು, ಆ ಪಟ್ಟಿಯಿಂದ ಅವರ ವಿಳಾಸವನ್ನು ತೆಗೆದೆ. ಪರೀಕ್ಷೆಗೆಂದು ಒಮ್ಮೆ ತೆರೆದು ನೋಡಿದೆ. ಕೆಂಪಾಯಿತು. ಸಮಾಧಾನವಾಯಿತು. ವ್ಯಾಪಾರದ ಜಾಗದಲ್ಲಿ ಸತ್ತವರು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಬೆಂಚಿನ ಮೇಲೆ ಅಳುವವರು ಕೂತರೆ ಫಾರ್ಮು ತುಂಬಿಸುವವರು ಎಲ್ಲಿ ಕೂರಬೇಕು ಎಂದೂ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು.

ಮುಂದಿನ ಮೊದಲ ಶನಿವಾರ ಅವರು ಬಂದರು. ಪಟ್ಟಿ ತೆರೆದರು. ವಿಳಾಸ ಇರಲಿಲ್ಲ. ಅವರು ಕೇಳದಿದ್ದರೂ, "ಅಪ್‌ಡೇಟ್ ಆದಾಗ ಹೋಗ್ತದೆ ಕಾಣ್ತದೆ" ಎಂದೆ. "ಇರಬಹುದು" ಎಂದು ಅವರು ಮತ್ತೆ ಒಂದೊಂದೇ ಅಕ್ಷರ ಒತ್ತಿದರು. ಅರ್ಧ ಚಹಾ ಕುಡಿದರು, ಹೋದರು. ನಾನು ತೆಗೆದೆ. ಅದರ ಮುಂದಿನ ತಿಂಗಳೂ ಹಾಗೆಯೇ. ಅದರ ಮುಂದಿನದೂ. ಅವರು ಬೆಳಿಗ್ಗೆ ಸೇರಿಸುವುದು, ಮಧ್ಯಾಹ್ನ ನಾನು ತೆಗೆಯುವುದು. ಆ ವಿಷಯ ನಮ್ಮ ನಡುವೆ ಎಂದೂ ಬರಲಿಲ್ಲ. ಊರಿನ ಮಾತು, ಮೊಣಕಾಲು ನೋವಿನ ಮಾತು, ಹನ್ನೆರಡು ಡಬ್ಬಿಯ ಗಾಡಿ ಹದಿನೈದಾದ ಮಾತು. ಶುಕ್ರವಾರ ಸಂಜೆಯಿಂದಲೇ ನಾನು ಅವರಿಗಾಗಿ ಕಾಯಲು ಶುರು ಮಾಡುತ್ತಿದ್ದೆ. ಬಾರದೆ ಹೋಗಲಿ ಎಂದು ಕಾಯುತ್ತಿದ್ದೆ. ಹನ್ನೊಂದು ಹೊಡೆಯುವ ಮೊದಲು ಛತ್ರಿಯ ತುದಿ ಮೆಟ್ಟಿಲಿಗೆ ತಾಗುವ ಶಬ್ದ ಕೇಳುತ್ತಿತ್ತು.

ಹೀಗೆ ಆರು ತಿಂಗಳು. ಏಳನೆಯ ತಿಂಗಳಲ್ಲಿ, ಶನಿವಾರಕ್ಕೆ ಇನ್ನೂ ಹತ್ತು ದಿನವಿದ್ದಾಗ, ಒಬ್ಬಳು ಹೆಂಗಸು ಬಂದಳು.

ಮೂವತ್ತೈದರ ಒಳಗಿನವಳು. ಕೈಯಲ್ಲಿ ಬೆವರಿಗೆ ಮೆತ್ತಗಾದ ಚೀಟಿ. ಮೊದಲು ಹಿಂದಿಯಲ್ಲಿ ಶುರು ಮಾಡಿದಳು. ಎರಡು ಮಾತು ಕೇಳುವಷ್ಟರಲ್ಲಿ ನಮ್ಮ ಕಡೆಯವಳೆಂದು ಗೊತ್ತಾಯಿತು. "ಯಾವೂರ್ ನಿಮ್ದ್?" ಎಂದೆ.

ಅವಳ ಮುಖ ಬದಲಾಯಿತು. "ಬೈಂದೂರ್ ಹತ್ರವೇ ಅಣ್ಣಾ. ನೀವ್ ನಮ್ಮೂರ್ ಬದಿಯರಾ? ದೇವ್ರ್ ಕಂಡಾಂಗ್ ಆಯ್ತ್." ಮಾತು ಒಮ್ಮೆಲೇ ಹರಿಯಿತು. ಗಂಡ ಅಂಬರನಾಥದ ಒಂದು ಹೋಟೆಲಿನಲ್ಲಿ ಅಡುಗೆಯವನು. ರಜೆ ಹಾಕಿ ಠಾಣೆ ಊರಿಗೆ ಹೋದವನು ಬಂದಿಲ್ಲ. "ಮೂರ್ ದಿನ ಆಯ್ತ್. ಫೋನ್ ಹತ್ತುದೇ ಇಲ್ಲೆ. ಸ್ಟೇಷನ್‌ನಗೆ ಒಬ್ರ್ ಪೊಲೀಸ್ರ್ ಈ ಚೀಟಿ ಕೊಟ್ರ್. ಇದ್ರಗೆ ಒಂದ್ಸಲ ಕಾಣಿ ಅಂದ್ರ್. ಇದ್ರಗೆ ಎಂತ ಇತ್ತ್ ಅಣ್ಣಾ?"

ಅವಳಿಗೆ ಅದು ಏನೆಂದೇ ಗೊತ್ತಿರಲಿಲ್ಲ. ನಾನು ವಿಳಾಸ ಒತ್ತಿದೆ. ಕೆಂಪು ಬಂತು. ಅದರ ಬೆಳಕು ಅವಳ ಕೆನ್ನೆಯ ಮೇಲೆ ಬಿತ್ತು. ಒಳಗೆ ಹೋಗಿ ಪಟ್ಟಿಗೆ ಸೇರಿಸಲು ನನಗೆ ಅರ್ಧ ನಿಮಿಷ ಸಾಕಾಗಿತ್ತು. ಕೈ ಮೌಸಿನ ಮೇಲೇ ಇತ್ತು.

"ಈ ಸೈಟ್ ಸಮ ಇಲ್ಲೆ ತಂಗಿ. ವೈರಸ್ ಇತ್ತ್. ತೆಗುಕ್ ಆತಿಲ್ಲೆ" ಎಂದೆ.

"ಬೇರೆ ಅಂಗ್ಡಿಯಗೆ ಹೋರೆ?"

"ಎಲ್ಲಿ ಹೋರೂ ಇದೇ. ಸುಮ್ನೆ ತಿರ್ಗ್‌ಬೇಡಿ. ಬತ್ರ್ ಅವ್ರ್, ಮನಿಗ್ ಹೋಯ್ನಿ."

ಅವಳು ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆಯ್ತ್ ಅಣ್ಣಾ. ನಮ್ಮೂರಿನರ್ ಹೇಳ್ರ್ ಅಂದ್ಮೇಲೆ ಇನ್ನೆಂತ" ಎಂದು ಹೋದಳು. ಬೇರೆ ಊರಿನವನಾಗಿದ್ದರೆ ಅವಳು ನನ್ನ ಮಾತು ನಂಬದೆ ಪಕ್ಕದ ಅಂಗಡಿಗೆ ಹೋಗುತ್ತಿದ್ದಳು. ಪಕ್ಕದ ಅಂಗಡಿಯಲ್ಲಿ ಆ ವಿಳಾಸ ಪಟ್ಟಿಯಲ್ಲಿತ್ತು. ಅದು ನನಗೆ ಗೊತ್ತಿತ್ತು.

ಮೊದಲ ಶನಿವಾರ ಅವರು ಬಂದರು. ಕುರ್ಚಿ ಎಳೆದುಕೊಂಡು, ಪಟ್ಟಿ ತೆರೆದು, ವಿಳಾಸ ಒತ್ತಿದರು. ಆ ಪುಟವನ್ನೂ ತೆರೆದರು. ಮೊದಲನೆಯ ದಿನ ಬಿಟ್ಟರೆ ಅದುವರೆಗೆ ಅವರು ಹಾಗೆ ಮಾಡಿರಲಿಲ್ಲ, ಸೇರಿಸಿ ಮುಚ್ಚುತ್ತಿದ್ದರು. ಪರದೆಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿದರು.

"ನಿಮ್ಮ ಊರಿನ ಕಡಿಯ ಅಂಗಿ ನೋಡ್ರಿ ಮಾಲಕರ."

ಓದಿದೆ. ನಲವತ್ತೈದರ ಆಸುಪಾಸು. ಕಾಲರಿನ ಒಳಗೆ ಬೈಂದೂರಿನ ಟೈಲರ ಪಟ್ಟಿ, ಕನ್ನಡದಲ್ಲಿ. ಆ ಟೈಲರು ನನಗೆ ಗೊತ್ತು. ನನ್ನ ಮದುವೆಯ ಅಂಗಿ ಹೊಲಿದವನು ಅವನ ಅಪ್ಪ.

"ಪಟ್ಟಿ ಕನ್ನಡದಾಗ ಇತ್ತು. ಅಲ್ಲಿ ಯಾರಿಗೂ ಓದಲಿಕ್ಕೆ ಬರಲಿಲ್ಲ. ನಾ ಓದಿ ಬರದೆ," ಎಂದರು ಅವರು. "ಬಿದ್ದಿದ್ದು ಠಾಣೆ ಕಡೆ, ಆಕಿ ಕೇಳಿದ್ದು ಅಂಬರನಾಥದಾಗ. ಎಂಟು ದಿನ ಇಟ್ಟಿದ್ರು. ಯಾರೂ ಬರಲಿಲ್ಲ ಅಂತ ಎಂಟನೇ ದಿನ ಸುಟ್ರು. ಒಂಬತ್ತನೇ ದಿನ ಆ ತಾಯಿ ಬೇರೆ ಅಂಗಡ್ಯಾಗ ಸೈಟು ತೆಗಿಸ್ಯಾಳ."

ನಾನು ಫ್ಲಾಸ್ಕಿನ ಮುಚ್ಚಳ ಬಿಚ್ಚಿದೆ.

"ಮೊದಲ ಯಾಕ ತೆಗಿಸಲಿಲ್ಲವಾ ಅಂತ ಕೇಳಿದೆ. ನಮ್ಮ ಊರಿನವರೊಬ್ರು ವೈರಸ್ ಐತಿ ಅಂದ್ರು ಅಂದ್ಲು."

ಅವರು ನನ್ನ ಮುಖ ನೋಡಲಿಲ್ಲ. ನನ್ನ ಅಂಗಿಯ ಗುಂಡಿಗಳನ್ನು ನೋಡುತ್ತಿದ್ದಂತೆ ಕಂಡಿತು. ಹಾಗೇ ನೋಡುತ್ತಾ ಇನ್ನೊಂದು ಮಾತು ಹೇಳಿದರು. "ಯಾವ ಅಂಗಡಿಯಿಂದ ಯಾವತ್ತು ಸೈಟು ತೆಗದ್ರು ಅಂತ ನನ್ನ ಹತ್ರ ಹಾಜರಿ ಬರತೈತಿ. ಟೈಮ್ ಆಫೀಸಿನಾಂವ ನೋಡ್ರಿ ನಾನು. ನಿಮ್ಮ ಅಂಗಡಿ ಕಾರ್ಡು ಮೊದಲನೇ ದಿನ ಒತ್ತಿದ್ದು. ಆಮ್ಯಾಲ ಇವತ್ತಿನ ತನಕ ಒತ್ತೇ ಇಲ್ಲ."

ಅಂದರೆ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಪ್ರತಿ ತಿಂಗಳು ಬಂದು, ನಾನು ಕೊಟ್ಟ ಚಹಾ ಕುಡಿದು, ಹೊಸದಾಗಿ ಸೇರಿಸಿ ಹೋಗುತ್ತಿದ್ದರು. ಅಂದೂ ಅರ್ಧ ಲೋಟ ಕುಡಿದರು. ಏಳುವಾಗ, "ಮುಂದಿನ ಶನಿವಾರದ ಹೊತ್ತಿಗೆ ಕೋಪರಖೈರಣೆ ಕಡೆ ಹೊಸ ಅಂಗಡಿ ಹಿಡೀಬೇಕು. ಆ ಕಡೆ ನನಗ ಯಾರೂ ಗೊತ್ತಿಲ್ಲ" ಎಂದರು. ಛತ್ರಿ ತೆಗೆದುಕೊಂಡು ಹೋದರು.

ಓದುವವರು ಈಗ ನಾನು ಬದಲಾದೆ ಎಂದು ಬರೆಯುವುದನ್ನು ಎದುರುನೋಡಬಹುದು. ಆ ಮಧ್ಯಾಹ್ನವೂ ನಾನು ವಿಳಾಸವನ್ನು ತೆಗೆದೆ. ಬಿಟ್ಟರೆ ತಪ್ಪನ್ನು ಒಪ್ಪಿಕೊಂಡ ಹಾಗಾಗುತ್ತದೆ ಎಂದು ತೆಗೆದೆ. ಇದಕ್ಕಿಂತ ಬೇರೆ ಕಾರಣ ನನ್ನಲ್ಲಿ ಇರಲಿಲ್ಲ.

ಮುಂದಿನ ಮೊದಲ ಶನಿವಾರ ಹನ್ನೊಂದು ಹೊಡೆಯಿತು. ಮೆಟ್ಟಿಲಿನ ಮೇಲೆ ಶಬ್ದವಾಗಲಿಲ್ಲ. ಹನ್ನೊಂದೂವರೆ. ಹನ್ನೆರಡು. ಇಷ್ಟು ತಿಂಗಳು ಬಯಸಿದ್ದು ಇದನ್ನೇ. ಎರಡು ಸಲ ಎದ್ದು ಹೊರಗೆ ನೋಡಿ ಬಂದೆ. ಮಧ್ಯಾಹ್ನ ಊಟದ ಡಬ್ಬಿಯೊಂದಿಗೆ ಬಂದ ನನ್ನವಳು ಫ್ಲಾಸ್ಕು ಅಲ್ಲಾಡಿಸಿ, "ಅವರು ಬರಲಿಲ್ವಾ? ಅರ್ಧ ಹಾಗೇ ಉಂಟಲ್ಲ" ಎಂದಳು. ಭಾನುವಾರ ಮನೆಯಲ್ಲಿ ಕೂತರೂ ಕಿವಿ ಬಾಗಿಲಲ್ಲಿ. ಅವರ ಫೋನ್ ನಂಬರನ್ನು ನಾನು ಎಂದೂ ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು, ಪಟ್ಟಿ ತೆರೆದು, ಆ ವಿಳಾಸವನ್ನು ನಾನೇ ಒಂದೊಂದೇ ಅಕ್ಷರ ಒತ್ತಿದೆ. ಪುಟ ಬಿಳಿಯಾಗಿ ಬಂತು. ಹೊಸಬರು ಯಾರೂ ಇರಲಿಲ್ಲ. ಕೊನೆಯ ಸಾಲು ಹನ್ನೆರಡು ದಿನ ಹಿಂದಿನದು. ಕೆಳಗೆ, ಇನ್ನೂ ಕೆಳಗೆ ಹೋದೆ. ಎಲ್ಲಕ್ಕಿಂತ ಕೆಳಗೆ, ಅವರು ಮೊಟ್ಟಮೊದಲು ಬರೆದದ್ದು ಇತ್ತು; ಅದರ ಕೊನೆಯ ಸಾಲುಗಳನ್ನು ಮಾತ್ರ ಈಚೆಗೆ ಸೇರಿಸಿರಬೇಕು. ಅಷ್ಟು ಹಿಂದಕ್ಕೆ ನಾನು ಎಂದೂ ಹೋಗಿರಲಿಲ್ಲ.

"ಇನ್ನೂ ಬಾರದವರು. ಗಂಡಸು, ಎಪ್ಪತ್ತರ ಆಸುಪಾಸು. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನ ತಳದಲ್ಲಿ ನೀಲಿ ಶಾಯಿಯ ಕಲೆ. ಎಡ ಹೆಬ್ಬೆರಳಿನ ಉಗುರು ಕಪ್ಪು. ಬಲ ಕಿವಿಯ ಹಿಂದೆ ಕಡಲೆಬೇಳೆಯಷ್ಟು ಮಚ್ಚೆ. ಛತ್ರಿಯ ಹಿಡಿಗೆ ಕೆಂಪು ದಾರ. ಸ್ಥಳ ಗೊತ್ತಿಲ್ಲ. ದಿನ ಗೊತ್ತಿಲ್ಲ. ಕೇಳಿಕೊಂಡು ಬರುವವರು: ಡೊಂಬಿವಲಿ ಪೂರ್ವದ ಝೆರಾಕ್ಸ್ ಅಂಗಡಿಯವರು. ಮೊದಲ ಶನಿವಾರ ನಾನು ಬಂದೆನೋ ಇಲ್ಲವೋ ಎಂದು ತಪ್ಪದೆ ನೋಡುವವರು ಅವರೊಬ್ಬರೇ."

ಎದುರಿನ ಕುರ್ಚಿ ಖಾಲಿ ಇತ್ತು. ಅದನ್ನು ನೋಡಲು ನನಗೆ ಧೈರ್ಯವಾಗಲಿಲ್ಲ.

ಶಟರ್ ಎಳೆದು ಕಲ್ಯಾಣಕ್ಕೆ ಹೋದೆ. ಸ್ಟೇಷನ್ನಿನಲ್ಲಿದ್ದ ಪೊಲೀಸರೊಬ್ಬರು, "ಬಾಬಾ? ಎಂಟೊಂಬತ್ತು ದಿನವಾಯಿತು, ಈ ಕಡೆ ಬಂದಿಲ್ಲ" ಎಂದರು. ಕೋಪರಖೈರಣೆಯ ಮಾತು ಆಗ ನೆನಪಾಯಿತು. ಠಾಣೆಗೆ ಬಂದು, ಅತ್ತ ಹೋಗುವ ವಾಶಿ ಗಾಡಿ ಹಿಡಿದೆ. ಅವರನ್ನು ಯಾರೂ ಅರಿಯದ ದಿಕ್ಕು ಅದೊಂದೇ.

ಆ ಭಾಗದ ಒಂದು ಆಸ್ಪತ್ರೆಯಲ್ಲಿ ಇದ್ದರು. ಗಾಡಿಯಲ್ಲಿ ಕೂತಲ್ಲೇ ಹೋಗಿದ್ದರಂತೆ. ಮಲಗಿದ್ದಾರೆ ಎಂದುಕೊಂಡು ಕೊನೆಯ ಸ್ಟೇಷನ್ನಿನವರೆಗೆ ಯಾರೂ ಮುಟ್ಟಿರಲಿಲ್ಲ. ಚೀಲ, ಛತ್ರಿ, ಫೋನು, ಪಾಸು ಯಾವುದೂ ಇರಲಿಲ್ಲ. ಯಾರೋ ಒಯ್ದಿದ್ದರು. ಟೇಬಲಿನ ಹಿಂದಿದ್ದ ಹುಡುಗ ದಾಖಲೆ ತಿರುಗಿಸಿ ನೋಡಿ, ಆ ಮಧ್ಯಾಹ್ನ ವಾರಸುದಾರರಿಲ್ಲದವರನ್ನು ಕಳಿಸುವವರಿದ್ದಾರೆ, ಅದರಲ್ಲಿ ಒಬ್ಬರು ಮುದುಕರೂ ಇದ್ದಾರೆ ಎಂದ. ನಾನು ಅವರ ಹೆಸರು ಹೇಳಿದೆ. ಹೆಸರಿನಿಂದ ಅವನಿಗೆ ಏನಾಗಬೇಕು?

"ಕಾಕಾ, ಪುರಾವಾ ಕಾಯ್?" ಎಂದ. ನಿಮ್ಮವರೇ ಎನ್ನುವುದಕ್ಕೆ ಸಾಕ್ಷಿ ಏನು ಎಂದು.

ಅವನ ಕಂಪ್ಯೂಟರಿನಲ್ಲಿ ಆ ವಿಳಾಸ ಒತ್ತಲು ಹೇಳಿದೆ. ಒತ್ತಿದ. ಪರದೆ ತುಂಬ ಕೆಂಪು. ಹುಡುಗ ಬೆಚ್ಚಿ ಕೈ ಹಿಂದಕ್ಕೆ ತೆಗೆದ. "ಅರೆ ಕಾಕಾ, ಇಸ್ ಮೆ ತೋ ವೈರಸ್ ಹೈ."

"ವೈರಸ್ ನಹೀ ಬೇಟಾ," ಎಂದೆ. "ಇಸ್ ಮೆ ಲೋಗ್ ಹೈ."

ಅವನ ಕೈಯಿಂದ ಮೌಸನ್ನು ತೆಗೆದುಕೊಂಡೆ. ಎಲ್ಲಿ ಒತ್ತಬೇಕು, ಆಮೇಲೆ ಎಲ್ಲಿ, ಯಾವ ಪಟ್ಟಿ, ಯಾವ ಸಾಲು, ಕೈಗೆ ಎಲ್ಲ ಗೊತ್ತಿತ್ತು. ಎಂಟು ತಿಂಗಳು ತೆಗೆದ ಕೈ ಅದು. ಪುಟ ತೆರೆಯಿತು. ಹುಡುಗ ಕೆಳಗಿನ ಹಿಂದಿಯನ್ನು ಓದುತ್ತಾ ತನ್ನ ದಾಖಲೆಯೊಂದಿಗೆ ತಾಳೆ ನೋಡತೊಡಗಿದ. ಅವನು ಓದುವ ಮೊದಲೇ ನಾನು ಹೇಳುತ್ತಿದ್ದೆ. ಶಾಯಿಯ ಕಲೆ. ಉಗುರು. ಮಚ್ಚೆ. ಪುಟದಲ್ಲಿಲ್ಲದ್ದನ್ನೂ ಹೇಳಿದೆ: ಎಡ ಚಪ್ಪಲಿ ಹೊರಬದಿಯಲ್ಲಿ ಹೆಚ್ಚು ಸವೆದಿದೆ, ಕನ್ನಡಕದ ಒಂದು ಕಾಲಿಗೆ ಹಳದಿ ತಂತಿ ಕಟ್ಟಿದೆ. ಅದೂ ಸರಿಯಾಗಿತ್ತು. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ಇಷ್ಟು ತಿಂಗಳು ಅವರು ಯಾವಾಗ ಎದ್ದು ಹೋಗುತ್ತಾರೋ ಎಂದು ಕಾಯುತ್ತಾ ಕೂತ ನಾನು ಅವರನ್ನು ಅಷ್ಟು ಪೂರ್ತಿಯಾಗಿ ನೋಡಿದ್ದೆ ಎಂದು ನನಗೂ ಗೊತ್ತಿರಲಿಲ್ಲ.

ಫಾರ್ಮಿನಲ್ಲಿ ಸಂಬಂಧ ಎಂಬ ಒಂದು ಸಾಲಿತ್ತು. "ನಾತಂ ಕಾಯ್ ಲಿಹೂ?" ಎಂದು ಕೇಳಿದ.

"ಝೆರಾಕ್ಸ್ ಅಂಗಡಿಯವನು" ಎಂದೆ.

ಅವನು ಸ್ವಲ್ಪ ಯೋಚಿಸಿ, ಪರಿಚಯದವರು ಎಂದು ಮರಾಠಿಯಲ್ಲಿ ಬರೆದುಕೊಂಡ.

ಒಳಗೆ ಬಟ್ಟೆ ಸರಿಸಿದಾಗ ಅವರು ಹೇಳಿದ್ದು ನಿಜವಾಯಿತು. ಮುಖ ಕಂಡಾಗ ಕಣ್ಣು ಮುಚ್ಚಿದೆ. ತೆರೆದಾಗ ಹೆಬ್ಬೆರಳು ಕಂಡಿತು. ಹೌದು ಎಂದೆ. ಶಹಾಡಿನ ಅವರ ನೆರೆಯವರು, ನಾಲ್ವರು ಪೊಲೀಸರು, ನಾನು, ಇಷ್ಟೇ ಜನ ಸೇರಿ ಮರುದಿನ ಕಲ್ಯಾಣದಲ್ಲಿ ಕಳಿಸಿಕೊಟ್ಟೆವು.

ಸೈಟು ಇನ್ನೂ ಇದೆ. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಹಾಗಾಗಿ ಒಂದಕ್ಷರವನ್ನೂ ಬದಲಿಸಲಾಗದು. ಅವರು ಬಂದ ಸ್ಥಳ, ಬಂದ ದಿನ ನನಗೆ ಗೊತ್ತಿದ್ದರೂ ಅಲ್ಲಿ ತುಂಬುವಂತಿಲ್ಲ. ಅಲ್ಲಿ ಅವರು ಇಂದಿಗೂ ಇನ್ನೂ ಬಾರದವರು. ಮೊದಲ ಶನಿವಾರ ಹನ್ನೊಂದಕ್ಕೆ ಮೆಟ್ಟಿಲಿನ ಮೇಲೆ ಏನಾದರೂ ತಾಗಿದರೆ ನಾನು ಇವತ್ತಿಗೂ ತಲೆ ಎತ್ತುತ್ತೇನೆ. ಪಟ್ಟಿಯಲ್ಲಿ ವಿಳಾಸ ಇದೆಯೇ ಎಂದು ನೋಡುತ್ತೇನೆ. ಇರುತ್ತದೆ.

ಇದನ್ನು ಬರೆದು ಮುಗಿಸಿದ ಮೇಲೆ ಅಚ್ಚಿಗೆ ಕೊಡಲು ಮನಸ್ಸಾಗಲಿಲ್ಲ. ಅಂಬರನಾಥದ ಹೋಟೆಲಿನಲ್ಲಿ ವಿಚಾರಿಸಿ, ಅಂದು ಚೀಟಿ ಹಿಡಿದು ಬಂದಿದ್ದ ನಮ್ಮೂರ ಹೆಂಗಸಿನ ಮನೆ ಕಂಡುಹಿಡಿದೆ. ಒಂದು ಖೋಲಿ. ಅವಳು ನೆಲದ ಮೇಲೆ ಕೂತು ಹರಿವೆ ಸೊಪ್ಪು ಸೋಸುತ್ತಿದ್ದಳು. ನನ್ನ ಗುರುತು ಹಿಡಿದು, "ಬನ್ನಿ ಅಣ್ಣಾ, ಕೂಕಣಿ" ಎಂದಳು. ಕೂರದೆಯೇ ಹೇಳಿದೆ. ಅಂದು ಅದರಲ್ಲಿ ವೈರಸ್ ಇರಲಿಲ್ಲ, ತೆರೆಯಲು ಬರುತ್ತಿತ್ತು, ನನಗೆ ಗೊತ್ತಿತ್ತು ಎಂದೆ. ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಆಮೇಲೆ ಮತ್ತೆ ಸೋಸಲು ಶುರು ಮಾಡಿದಳು. ಹಣ್ಣೆಲೆ ಒಂದು ಕಡೆ, ಒಳ್ಳೆಯದು ಒಂದು ಕಡೆ. ಗೋಡೆಯ ಕನ್ನಡಿಯ ಪಕ್ಕದಲ್ಲಿ ಹೆಣ್ಣುಮಗುವಿನ ಗುಲಾಬಿ ಬಣ್ಣದ ಕೂದಲ ಕ್ಲಿಪ್ಪು ಇತ್ತು, ರಟ್ಟಿನಿಂದ ಇನ್ನೂ ಬಿಡಿಸಿರಲಿಲ್ಲ.

ಸೊಪ್ಪು ಮುಗಿಯಿತು. ಅವಳು ಕೈ ಒರೆಸಿಕೊಂಡಳು.

"ಅವತ್ತ್ ತೆಗ್ದಿದ್ರೆ ಅದ್ರಗೆ ಎಂತ ಕಾಂತಿತ್ತ್? ಓದಿ ಕಾಂಬ."

ಫೋನಿನಲ್ಲಿ ತೆರೆದು ಓದಿದೆ.

"ಬಂದವರು. ಗಂಡಸು, ನಲವತ್ತೈದರ ಆಸುಪಾಸು. ಬಿಳಿಯ ಮೇಲೆ ಕಂದು ಗೀಟಿನ ಅರ್ಧ ತೋಳಿನ ಅಂಗಿ. ಕಾಲರಿನ ಒಳಗೆ ಬೈಂದೂರಿನ ಟೈಲರ ಪಟ್ಟಿ, ಕನ್ನಡದಲ್ಲಿ. ಬಲ ಮುಂಗೈ ಮೇಲೆ ಎಣ್ಣೆ ಸಿಡಿದ ಹಳೆಯ ಕಲೆಗಳು, ಸಾಸಿವೆ ಕಾಳಿನಷ್ಟು. ಬಲ ಚಪ್ಪಲಿಯ ಹೆಬ್ಬೆರಳಿನ ಬಾರು ಹೊಸದು. ಜೇಬಿನಲ್ಲಿ ಹೆಣ್ಣುಮಗುವಿನ ಕೂದಲ ಕ್ಲಿಪ್ಪು, ಗುಲಾಬಿ, ರಟ್ಟಿನಲ್ಲೇ ಇದೆ. ಯಾರೋ ಕಾಯುತ್ತಿದ್ದಾರೆ."

"ಆ ಬಾರ್ ಹಾಕ್ಸಿದ್ದ್ ನಾನೇ" ಎಂದಳು. ಅದು ನನಗೆ ಹೇಳಿದ್ದಲ್ಲ. ಸುಮಾರು ಹೊತ್ತು ಕನ್ನಡಿಯ ಕಡೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನೊಂದ್ ಸಲ ಓದಿ. ನಿಧಾನಕ್ಕ್ ಓದಿ. ಅವತ್ತ್ ಹೇಳ್ದಾಂಗೆ ಗಡಿಬಿಡಿ ಬ್ಯಾಡ."

ನಾನು ನೆಲದ ಮೇಲೆ ಕೂತೆ. ಕನ್ನಡಕ ಒರೆಸಿಕೊಂಡೆ.

"ಬಂದವರು" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ.